ಬಾದಶಾನ ಎರಡು ಹಿಡಿ ಕೂದಲು

ಬಾಗಿಲು ತೆರೆದವನ ಮುಖ ಕಂಡ ಕೂಡಲೇ ನಿಶ್ಮಿತಾಳ ಕೈಯಲ್ಲಿದ್ದ ವ್ಯಾಕ್ಯೂಮ್ ಕ್ಲೀನರ್ ಸ್ವಿಚ್ ಹಾಕದೆಯೇ ಗುರ್ ಎಂದಿತು. ನಂಬದಿದ್ದರೆ ಬಿಡಿ. ಅವಳ ಸಿಟ್ಟಿನ ಕಾವಿಗೆ ವಿಲೆ ಪಾರ್ಲೆಯ ಆ ನಾಲ್ಕನೇ ಮಹಡಿಯ ಕಾಲಿಂಗ್ ಬೆಲ್ ಕರಗಿ ಹರಿಯದೆ ಉಳಿದದ್ದೇ ದೊಡ್ಡ ಪವಾಡ.

ಅವನೇ...

ಎಡ ಹುಬ್ಬನ್ನು ಎರಡಾಗಿ ಸೀಳಿದ ಆ ಹಳೆಯ ಗಾಯದ ಗೆರೆ. ಎರಡು ವರ್ಷಗಳಿಂದ ದಿನಾ ಬೆಳಿಗ್ಗೆ ಹಲ್ಲುಜ್ಜುವಾಗ ಅವಳು ತಪ್ಪದೆ ಶಪಿಸುತ್ತಿದ್ದ ಮುಖ.

"ಬರ್ರಿ ಒಳಗ," ಅಂದ ಅವನು. "ಬೆಕ್ಕಿನ ಕೂದ್ಲಾ ತಗಿಯವ್ರು ನೀವ ಅಲ್ಲಾ? ನಾ ಅಮೋಲ್. ಫೋನ್ ಮಾಡಿದ್ದೆ."

ಮುಂಬಯಿಯಲ್ಲಿ ಮನುಷ್ಯರಿಗೆ ಕಾಲು ಚಾಚಲು ಜಾಗವಿಲ್ಲ, ನಾಯಿ ಬೆಕ್ಕುಗಳಿಗೆ ಮಾತ್ರ ಮೂರು ಸೀಟಿನ ಸೋಫಾ. ಆ ಸೋಫಾ, ಆ ಹಾಸು, ಆ ಪರದೆಗಳಿಂದ ಕೂದಲು ತೆಗೆಯುವುದೇ ನಿಶ್ಮಿತಾಳ ಕಸುಬು. ಒಂದು ಜೊತೆ ರಬ್ಬರ್ ಕೈಗವಸು, ಕಿಟಕಿಯ ಗಾಜು ಒರೆಸುವ ರಬ್ಬರ್ ಪಟ್ಟಿ, ನೀರು ಚಿಮುಕಿಸುವ ಬಾಟಲಿ, ಒಂದು ವ್ಯಾಕ್ಯೂಮ್... ಇಷ್ಟೇ ಆಯುಧ. ಸಯನ್‌ನಿಂದ ಅಂಧೇರಿಯವರೆಗೆ ಅವಳ ಕೈ ತಪ್ಪಿಸಿಕೊಂಡ ಕೂದಲು ಇನ್ನೂ ಹುಟ್ಟಿರಲಿಲ್ಲ.

ಆದರೆ ಈ ಮನುಷ್ಯ ತಪ್ಪಿಸಿಕೊಂಡಿದ್ದ. ಎರಡು ವರ್ಷ.

ಆ ದಿನ ಮಾಟುಂಗದ ಕನ್ನಡ ಸಂಘದಲ್ಲಿ ಮುನ್ನೂರು ಎಲೆಯ ಊಟ. ಅಡುಗೆ ನಿಶ್ಮಿತಾಳ ಅಮ್ಮ ವಿನೋದಿನಿಯದು. ವಿನೋದಿನಿಯಕ್ಕನ ಕಡಲೆಬೇಳೆ ಪಾಯಸವೆಂದರೆ ಸುಮ್ಮನೆಯೇ? ದಾದರಿಗೆ ಹೊರಟವರು ಪರಿಮಳ ಹಿಡಿದು ಮಾಟುಂಗದಲ್ಲೇ ಲೋಕಲ್ ರೈಲಿನಿಂದ ಇಳಿದುಬಿಡುತ್ತಿದ್ದರು. ಆ ದಿನ ಮೂರನೆಯ ಪಂಕ್ತಿಯಲ್ಲಿ ಕೆನೆಬಣ್ಣದ ರೇಷ್ಮೆ ಜುಬ್ಬಾ ತೊಟ್ಟವನೊಬ್ಬ ಎದ್ದು ನಿಂತು, "ಪಾಯಸದಾಗ ಬೆಕ್ಕಿನ ಕೂದ್ಲಾ ಐತಿ" ಎಂದು ಕೂಗಿದ. ಸಂಘದ ಕಾರ್ಯದರ್ಶಿ ಶಂಕ್ರೆಪ್ಪ ಗಾಬರಿಯಲ್ಲಿ ಮೈಕ್ ಹಿಡಿದು, "ಯಾರೂ ಪಾಯಸ ಮುಟ್ಟಬ್ಯಾಡ್ರಿ" ಎಂದು ಸಾರಿದರು. ಮುನ್ನೂರು ಎಲೆಗಳು ಒಟ್ಟಿಗೆ ಮಡಚಿಕೊಂಡವು.

ಅಡುಗೆಮನೆಯ ಹಿಂಬಾಗಿಲಲ್ಲಿ ಗಿಡ್ಡ ಕೂದಲಿನ ಒಂದು ಕಂದು ಬೀದಿಬೆಕ್ಕು ಕೂತಿದ್ದದ್ದನ್ನು ಹತ್ತು ಜನ ನೋಡಿದ್ದರು. ಇನ್ನು ಸಾಕ್ಷಿ ಯಾಕೆ? ಅಂದಿನಿಂದ ವಿನೋದಿನಿಯ ಕೈಗೆ ಯಾರೂ ಸೌಟು ಕೊಡಲಿಲ್ಲ. ಈಗ ಸಯನ್‌ನ ಮನೆಯಲ್ಲಿ ಇಬ್ಬರಿಗೆ ಸಾರು ಮಾಡುವಾಗಲೂ ಆಕೆ ತಲೆಗೆ ಎರಡು ಸುತ್ತು ಬಟ್ಟೆ ಬಿಗಿದು, ಮೊಬೈಲಿನ ಟಾರ್ಚ್ ಹಿಡಿದು ಪಾತ್ರೆಯೊಳಗೆ ಇಣುಕುತ್ತಾಳೆ. ಪಕ್ಕದ ಮನೆಯವರು ತಿಂಡಿ ಕೊಟ್ಟರೆ ಸುಮ್ಮನೆ ತಿನ್ನುತ್ತಾಳೆ. ಉಪ್ಪು ಹೆಚ್ಚೋ ಕಡಿಮೆಯೋ, ಬಾಯಿ ಬಿಡುವುದಿಲ್ಲ. ಹಿಂದೆ ಮದುವೆಮನೆಯಲ್ಲಿ ಬೀಗರ ಎದುರೇ "ಸಾಂಬಾರಿಗೆ ಹುಳಿ ಸಾಲದು" ಎನ್ನುತ್ತಿದ್ದ ಬಾಯಿ ಅದು.

ಇನ್ನೊಂದು ಮಾತನ್ನು ನಿಶ್ಮಿತಾ ಲೋಕದಲ್ಲಿ ಯಾರಿಗೂ ಹೇಳಿರಲಿಲ್ಲ. ಆ ಬೆಳಿಗ್ಗೆ ಆ ಬೆಕ್ಕಿಗೆ ಹಾಲಿಟ್ಟು ತಲೆ ಸವರಿದವಳು ಅವಳೇ. ಸವರಿದ ಕೈಯಿಂದಲೇ ಅಮ್ಮನಿಗೆ ಪಾಯಸದ ಪಾತ್ರೆ ಎತ್ತಿ ಕೊಟ್ಟಿದ್ದಳು.

ಕೂದಲು ತನ್ನ ಕೈಯಿಂದಲೇ ಬಿತ್ತು... ಆ ಮುಳ್ಳು ಎರಡು ವರ್ಷದಿಂದ ಒಳಗೇ ಮುರಿದು ಕೂತಿತ್ತು. ಅದು ಚುಚ್ಚಿದಾಗಲೆಲ್ಲ ಅವಳ ಸಿಟ್ಟು ಹರಿಯುತ್ತಿದ್ದದ್ದು ಮಾತ್ರ ಆ ಸೀಳು ಹುಬ್ಬಿನ ಕಡೆಗೆ.

'ಕೂಗದೆ ಇದ್ದಿದ್ದರೆ ಏನು ಗಂಟು ಹೋಗ್ತಿತ್ತು ಇವನದ್ದು? ಅಡುಗೆಮನೆಗೆ ಬಂದು ಮೆಲ್ಲ ಹೇಳ್ಲಿಕ್ಕೆ ಆಗ್ತಿರ್ಲಿಲ್ವಾ? ಇರಲಿ. ದೇವರೇ ಇವನ ಮನೆ ಬಾಗಿಲಿಗೆ ತಂದು ನಿಲ್ಲಿಸಿದ್ದಾನೆ. ಸುಮ್ಮನೆ ಬಿಟ್ಟರೆ ನಾನು ವಿನೋದಿನಿಯ ಮಗಳೇ ಅಲ್ಲ.'

"ಯಾಕ ಬಾಗಲದಾಗ ನಿಂತ್ರಿ?" ಅಮೋಲ್ ಕೇಳಿದ.

"ಎಂತ ಇಲ್ಲ," ಅಂದಳು ಅವಳು, ಸಕ್ಕರೆ ಸುರಿದ ದನಿಯಲ್ಲಿ. "ಕೂದಲು ಎಷ್ಟುಂಟು ಅಂತ ನೋಡ್ತಿದ್ದೆ."

ಎಷ್ಟಿತ್ತು? ಆ ಮನೆಯಲ್ಲಿದ್ದ ಕೂದಲನ್ನು ಹೆಣೆದಿದ್ದರೆ ಇಡೀ ಪಾರ್ಲೆಗೆ ಕಂಬಳಿ ಹೊದಿಸಬಹುದಿತ್ತು. ಅದೆಲ್ಲ ಬಾದಶಾನ ಪ್ರತಾಪ. ಬಾದಶಾ ಎಂದರೆ ನೆಲ ಗುಡಿಸುವಷ್ಟು ಕೂದಲಿನ, ತುದಿಯಲ್ಲಿ ಬೂದಿ ಬಣ್ಣ ಬಳಿದಂಥ ಬಿಳಿಯ ಪರ್ಶಿಯನ್ ಬೆಕ್ಕು. ಅಮೋಲ್‌ನ ಅಜ್ಜಿ ರುದ್ರವ್ವನ ತೊಡೆಯೇ ಅದರ ಸಿಂಹಾಸನ. ವಿಜಯಪುರದಿಂದ ಬಂದು ನಲವತ್ತು ವರ್ಷವಾದರೂ ಆ ಮುದುಕಿಗೆ ಮುಂಬಯಿ ಇನ್ನೂ ಸಂತೆಗೆ ಬಂದ ಊರು.

"ಬಾ ತಂಗಿ, ಕುಂದ್ರು," ಅಂದಳು ರುದ್ರವ್ವ. "ಮೊದ್ಲ ಚಾ ಕುಡಿ. ಕೂದ್ಲಾ ಎಲ್ಲಿ ಓಡಿ ಹೋಗಂಗಿಲ್ಲ."

"ಕೆಲಸ ಮೊದಲು ಆಗ್ಲಿ ಅಜ್ಜಿ."

"ಜಮಖಾನಿ ನೋಡಿ ಎಳಿಯವ್ವ. ನವಲಗುಂದದ್ದು. ನನ್ನ ಮದಿವ್ಯಾಗ ನಮ್ಮಪ್ಪ ಕೊಟ್ಟಿದ್ದು. ಇವನ ಕೈಯಾಗ ಕೊಟ್ರ ಬ್ರಶ್ ಹಚ್ಚಿ ತಿಕ್ಕಿ ಅದರಾಗ ನೇಯ್ದ ನವಿಲಿನ ಪುಚ್ಚ ಕೀಳತಾನ."

"ಅಜ್ಜಿ, ಬಂದವರ ಮುಂದ ಮಾನ ಕಳೀಬ್ಯಾಡ," ಅಂದ ಅಮೋಲ್.

ಜಮಖಾನೆಯ ಕೂದಲು ತೆಗೆಯುವುದು ಹುಡುಗಾಟವಲ್ಲ. ಕಾರ್ಪೆಟ್ಟಿನ ಮೇಲಾದರೆ ಕೂದಲು ಹುಲ್ಲಿನ ಮೇಲೆ ಬಿದ್ದ ಹಾಗೆ ಬಿದ್ದಿರುತ್ತದೆ. ಜಮಖಾನೆಯಲ್ಲಿ ನೂಲಿನ ಜೊತೆ ತಾನೂ ನೂಲಾಗಿ ನೇಯ್ದುಕೊಂಡುಬಿಡುತ್ತದೆ. ವ್ಯಾಕ್ಯೂಮ್ ಎಷ್ಟು ಅರಚಿದರೂ ಕದಲದು. ನಿಶ್ಮಿತಾ ನೀರು ಚಿಮುಕಿಸಿದಳು. ನೆನೆಯುವಷ್ಟಲ್ಲ, ಹಿತ್ತಲ ಇಬ್ಬನಿಯಷ್ಟು. ಕೈಗವಸು ತೊಟ್ಟು ನೂಲು ಓಡಿದ ದಿಕ್ಕಿನಲ್ಲಿ, ಒಂದೇ ಕಡೆಗೆ, ತನ್ನತ್ತ ಎಳೆದಳು. ಆಮೇಲೆ ರಬ್ಬರ್ ಪಟ್ಟಿ, ಕಡೆಗೆ ವ್ಯಾಕ್ಯೂಮ್. ಅರ್ಧ ಗಂಟೆಯಲ್ಲಿ ಜಮಖಾನೆಯ ಅಂಚಿನಲ್ಲಿ ಎರಡನೆಯ ಬಾದಶಾ ಮಲಗಿದ್ದ. ಮೊದಲನೆಯ ಬಾದಶಾ ಅದನ್ನು ಮೂಸಿ, ಹೆದರಿ, ಕಪಾಟು ಹತ್ತಿದ.

"ಅರೆ ವಾ," ಅಮೋಲ್‌ನ ಕಣ್ಣು ಅರಳಿತು. "ನನಗ ಇದು ಆರು ತಿಂಗಳಿಂದ ಆಗಿಲ್ಲ. ಪ್ರತಿ ಆಯ್ತವಾರ ಬರ್ತೀರೇನು?"

'ಬರ್ತೇನೆ. ನಿನ್ನ ಗ್ರಹಚಾರದ ಹಾಗೆ ವಾರ ವಾರ ಬರ್ತೇನೆ.'

"ಬರ್ತೇನೆ," ಅಂದಳು.

ಅವಳು ಹೋಗುವಾಗ ಕಸದ ಚೀಲಕ್ಕೆ ಸುರಿಯಬೇಕಿದ್ದ ಕೂದಲಿನಲ್ಲಿ ಒಂದು ಹಿಡಿಯನ್ನು ಬೇರೆ ಪೊಟ್ಟಣಕ್ಕೆ ಹಾಕಿಕೊಂಡಳು. ಯಾಕೆಂದು ಅವಳಿಗೂ ಇನ್ನೂ ಗೊತ್ತಿರಲಿಲ್ಲ. ಸೇಡಿನ ಹಿಟ್ಟು ಮೊದಲು ನೆನೆಯಬೇಕು. ದೋಸೆ ಹೊಯ್ಯುವುದು ಆಮೇಲೆ.

ಎರಡನೆಯ ಭಾನುವಾರಕ್ಕೇ ದಾರಿ ಕಂಡಿತು. ಅಮೋಲ್ ವಿಮಾನಗಳಿಗೆ ಊಟ ಕಳಿಸುವ ಒಂದು ದೊಡ್ಡ ಅಡುಗೆಮನೆಯಲ್ಲಿ ಶುಚಿತ್ವದ ಮೇಲ್ವಿಚಾರಕ. ವಿಮಾನ ನಿಲ್ದಾಣದ ಪಕ್ಕದಲ್ಲೇ ಕೆಲಸ. ಅಲ್ಲಿ ಒಳಗೆ ಕಾಲಿಡುವ ಪ್ರತಿಯೊಬ್ಬನ ಮೈಮೇಲೆ ಅಂಟುಕಾಗದದ ಉರುಳೆ ಉರುಳಿಸುತ್ತಾರೆ. ಒಂದು ಕೂದಲು ಅಂಟಿದರೆ ಸಾಕು, ವಾಪಸ್.

"ನನ್ನ ಕಣ್ಣು ತಪ್ಪಿಸಿ ಒಂದು ಕೂದ್ಲಾ ಒಳಗ ಹೋಗಿಲ್ಲ," ಎಂದು ಅವನು ಹೇಳಿದಾಗ ನಿಶ್ಮಿತಾ ಕೈಗವಸಿನೊಳಗೆ ಬೆರಳು ಮಡಚಿದಳು.

'ಅಮ್ಮನಿಗೆ ಕೂದಲಿನಿಂದ ಹೋಯಿತು. ನಿನಗೂ ಕೂದಲಿನಿಂದಲೇ ಹೋಗ್ಲಿ.'

ಅಲ್ಲಿಂದ ಮುಂದೆ ಅವಳ ಪಾಡು ಕೇಳಬೇಡಿ. ಸೇಡು ತೀರಿಸಲು ಬಂದವಳಿಗೆ ಶತ್ರು ಒಳ್ಳೆಯವನಾಗಿರುವುದಕ್ಕಿಂತ ದೊಡ್ಡ ತೊಂದರೆ ಮೂರು ಲೋಕದಲ್ಲಿ ಇಲ್ಲ.

ಅವನು ಸೋಫಾ ತಾನೇ ಎತ್ತುತ್ತಿದ್ದ. ಚಹಾ ಮಾಡಿ ತರುತ್ತಿದ್ದ. ಅದನ್ನು ಕುಡಿದರೆ ಸತ್ತ ಹಿರಿಯರು ಕಣ್ಣೆದುರು ಬಂದು ಕುಶಲ ಕೇಳುವಷ್ಟು ಕೆಟ್ಟ ಚಹಾ. ಆದರೂ ಬಸಿಯ ಮೇಲೆ ಎರಡು ಬಿಸ್ಕತ್ತು ನೇರ ಇಟ್ಟು, ಅವಳು ಕುಡಿಯುವವರೆಗೆ ಎದುರು ಕೂತು ನೋಡುತ್ತಿದ್ದ.

"ಹೆಂಗೈತಿ?"

"ಕುಡೀಬಹುದು."

"ಕಳೆದ ವಾರಾನೂ ಇದ ಅಂದ್ರಿ."

"ಕಳೆದ ವಾರ ಸುಳ್ಳು ಹೇಳಿದ್ದು. ಈ ವಾರವೂ."

ಅವನು ನಕ್ಕ. ನಗುವಾಗ ಆ ಸೀಳು ಹುಬ್ಬಿನ ಎರಡು ತುಂಡುಗಳು ಬೇರೆ ಬೇರೆ ಏರುತ್ತಿದ್ದವು. ನಿಶ್ಮಿತಾ ಅದನ್ನು ನೋಡಬಾರದೆಂದುಕೊಂಡು ನೋಡಿದಳು... ಇನ್ನೊಮ್ಮೆ ನೋಡಿದಳು. ಆ ದಿನ ಪಾರ್ಲೆಯಿಂದ ದಾದರ್‌ವರೆಗೆ ರೈಲಿನ ಕಿಟಕಿಗೆ ಹಣೆ ಒತ್ತಿ ತನ್ನನ್ನು ತಾನೇ ಬೈದುಕೊಂಡಳು. ಮನೆಗೆ ಬಂದು, ಟಾರ್ಚ್ ಹಿಡಿದು ಸಾರಿನ ಪಾತ್ರೆಗೆ ಬಗ್ಗಿದ ಅಮ್ಮನ ಬೆನ್ನು ಕಂಡೊಡನೆ ಸಿಟ್ಟು ಮತ್ತೆ ತನ್ನ ಜಾಗಕ್ಕೆ ಬಂದು ಕೂತಿತು.

ಏಳನೆಯ ಭಾನುವಾರ.

"ನಾಳೆ ಫಾರಿನ್ ಏರ್‌ಲೈನ್‌ನವರು ತಪಾಸಣೆಗೆ ಬರ್ತಾರ," ಅಂದ ಅಮೋಲ್. ಗೋಡೆಯ ಗೂಟದಲ್ಲಿ ಗಾಢ ನೀಲಿಯ ಹೊಸ ಕೋಟು, ಲಾಂಡ್ರಿಯ ಪ್ಲಾಸ್ಟಿಕ್ ಹೊದ್ದು ನೇತಾಡುತ್ತಿತ್ತು. "ನಾನ ಅವರನ್ನ ಕರಕೊಂಡು ತಿರಗಾಡಬೇಕು. ಪಾಸಾದ್ರ ಇಡೀ ಅಡಿಗಿಮನಿ ಶುಚಿ ವಿಭಾಗ ನನ್ನ ಕೈಯಾಗ."

"ಒಳ್ಳೇದಾಗ್ಲಿ," ಅಂದಳು ನಿಶ್ಮಿತಾ.

ಅಜ್ಜಿಗೆ ಔಷಧಿ ತರಲು ಅವನು ಕೆಳಗಿಳಿದ. ರುದ್ರವ್ವ ಗೊರಕೆ ಹೊಡೆಯುತ್ತಿದ್ದಳು. ನಿಶ್ಮಿತಾ ಪ್ಲಾಸ್ಟಿಕ್ ಎತ್ತಿದಳು. ಹೊರಗೆ ಹಚ್ಚಿದರೆ ಕಾಣುತ್ತದೆ, ಒರೆಸಿಬಿಡುತ್ತಾನೆ. ಕೂದಲು ತೆಗೆಯುವವಳಿಗೆ ಗೊತ್ತು, ಕೂದಲು ಎಲ್ಲಿ ಅಡಗಿದರೆ ದೇವರಿಗೂ ಸಿಗುವುದಿಲ್ಲವೆಂದು. ಪೊಟ್ಟಣದ ಹಿಡಿಗೆ ಅಂದಿನದೊಂದು ಹಿಡಿ ಸೇರಿಸಿ, ಎರಡು ಹಿಡಿ ಬಾದಶಾನನ್ನು ಎರಡು ತೋಳಿನ ಒಳಗೆ, ಅಸ್ತರಿನ ಮಡಿಕೆಗಳಿಗೆ, ಮಣಿಕಟ್ಟಿನ ಹತ್ತಿರಕ್ಕೆ ತಿಕ್ಕಿ ಕೂರಿಸಿದಳು. ಕೈ ಚಾಚಿದರೆ ಸಾಕು, ಹಿಮಾಲಯವೇ ಇಳಿದು ಬರಬೇಕು.

ಬಸಿಯ ಮೇಲಿನ ಬಿಸ್ಕತ್ತು ನೆನಪಾಯಿತೇ? ನೆನಪಾಯಿತು. ಕೈ ನಿಂತಿತೇ? ನಿಲ್ಲಲಿಲ್ಲ.

ಅವನು ವಾಪಸು ಬಂದು, ನಾಳೆಯ ಸಂಭ್ರಮದಲ್ಲಿ ಮಾತಿಗೆ ಕೂತ.

"ನನಗ ಈ ಕಣ್ಣು ದೇವರ ಕೊಟ್ಟದ್ದು ನೋಡ್ರಿ. ಎರಡು ವರ್ಷದ ಹಿಂದ ಮಾಟುಂಗಾದಾಗ ಸಂಘದ ಊಟಕ್ಕ ಹೋಗಿದ್ದೆ. ನನ್ನ ಎಲಿಯಾಗಿನ ಪಾಯಸದ ಮ್ಯಾಲೆ ಒಂದು ಕೂದ್ಲಾ. ಯಾರಿಗೂ ಕಂಡಿಲ್ಲ, ನನಗ ಕಂಡ್ತು. ಬೆಕ್ಕಿಂದ ಅಂತ ಒಂದ ನೋಟಕ್ಕ ಹೇಳಿದೆ."

ಅವಳ ಕೈ ಜಮಖಾನೆಯ ಮೇಲೆಯೇ ನಿಂತಿತು.

"ಬೆಕ್ಕಿಂದು ಅಂತ ಹೇಗೆ ಗೊತ್ತಾಯ್ತು?"

"ನಮ್ಮನ್ಯಾಗ ಬೆಕ್ಕು ಐತೆಲ್ರಿ, ನನಗ ಗೊತ್ತಾಗಂಗಿಲ್ಲೇನು? ನಾಕು ಬೆರಳು ಉದ್ದ. ಬೆಳ್ಳಗ. ತುದಿಗೆ ಮಾತ್ರ ಚೂರು ಬೂದಿ ಬಣ್ಣ..."

ಹೇಳುತ್ತ ಹೇಳುತ್ತ ಅವನ ದನಿ ತಾನಾಗಿಯೇ ತಗ್ಗಿತು. ಅವನ ಕಣ್ಣು ನಿಶ್ಮಿತಾಳ ಕೈಗವಸಿನ ಮೇಲಿತ್ತು. ಆ ಕೈಗವಸಿಗೆ ನಾಲ್ಕು ಬೆರಳು ಉದ್ದದ, ತುದಿಯಲ್ಲಿ ಬೂದಿ ಬಣ್ಣದ ಬಿಳಿ ಕೂದಲು ರಾಶಿ ರಾಶಿಯಾಗಿ ಅಂಟಿತ್ತು.

ಸಂಘದ ಹಿಂಬಾಗಿಲಿನ ಬೆಕ್ಕು ಕಂದು. ಗಿಡ್ಡ ಕೂದಲಿನದು.

ನಿಶ್ಮಿತಾಳ ಎದೆಯಲ್ಲಿ ಎರಡು ವರ್ಷದ ಮುಳ್ಳು ಸರಕ್ಕನೆ ಹೊರಬಂತು. ನಾನಲ್ಲ... ನನ್ನ ಕೈಯಲ್ಲ... ಆ ಬಡಪಾಯಿ ಬೆಕ್ಕೂ ಅಲ್ಲ.

"ಅವತ್ತು ಹಾಕಿದ್ದ ಜುಬ್ಬಾ ಎಲ್ಲುಂಟು?" ಕೇಳಿದಳು. ದನಿ ಅವಳದ್ದೇ ಅನಿಸಲಿಲ್ಲ.

ಅವನು ಎದ್ದು ಕಪಾಟು ತೆರೆದ. ರೇಷ್ಮೆ ಜುಬ್ಬಾ ಹ್ಯಾಂಗರಿನಲ್ಲಿತ್ತು. ಅದರ ಬುಡದಲ್ಲಿ ಬಾದಶಾನ ಹಗಲು ನಿದ್ರೆಯ ಗೂಡು. ಅವಳು ಕೈಗವಸು ಬದಲಿಸಿ, ಹೊಸದನ್ನು ಒದ್ದೆ ಮಾಡಿ ಜುಬ್ಬಾದ ಬಲತೋಳಿನ ಮೇಲೆ ಒಂದು ಸಲ, ಒಂದೇ ಸಲ ಎಳೆದಳು. ಕೈ ತಿರುಗಿಸಿ ಅವನ ಮುಖದೆದುರು ಹಿಡಿದಳು.

ಇಂಗು ತಿಂದ ಮಂಗನ ಮುಖ ಎನ್ನುತ್ತಾರಲ್ಲ. ಆ ಮಂಗಕ್ಕೂ ಅವನನ್ನು ಕಂಡರೆ ಅಯ್ಯೋ ಅನಿಸುತ್ತಿತ್ತು.

"ಪಾಯಸ ಹಾಕಿಸಿಕೊಳ್ಳುವಾಗ ಕೈ ಚಾಚಿದ್ದು ನೀವು," ಅಂದಳು. "ಬಿದ್ದದ್ದು ನಿಮ್ಮ ತೋಳಿನಿಂದ. ಕೂಗಿದ್ದೂ ನೀವೇ. ಆ ಅಡುಗೆ ಮಾಡಿದವರು ನನ್ನ ಅಮ್ಮ."

"ನಿಶ್ಮಿತಾ..."

"ಎರಡು ವರ್ಷ ಆಯ್ತು. ಮಗಳಿಗೆ ಸಾರು ಬಡಿಸುವಾಗಲೂ ಟಾರ್ಚ್ ಹಾಕಿ ನೋಡ್ತಾರೆ ಅವರು. ನಿಮ್ಮ ಕಣ್ಣು ದೇವರು ಕೊಟ್ಟದ್ದು ಅಂದ್ರಲ್ಲ? ಸ್ವಂತ ಕೈ ನೋಡ್ಲಿಕ್ಕೆ ಕೊಟ್ಟಿಲ್ಲ ಪಾಪ."

ಅವಳು ಸಾಮಾನು ಕಟ್ಟಿಕೊಂಡಳು. ಬಾಗಿಲ ಬಳಿ ನೀಲಿ ಕೋಟು ತೂಗುತ್ತಿತ್ತು. ಎರಡು ನಿಮಿಷ ಸಾಕಿತ್ತು ತೆಗೆಯಲು. ಮುಂಬಯಿಯಲ್ಲಿ ಅವಳಷ್ಟು ಬೇಗ ತೆಗೆಯುವವರು ಬೇರೆ ಯಾರೂ ಇರಲಿಲ್ಲ.

ಅವಳು ಮೆಟ್ಟಿಲಿಳಿದಳು.

ಮರುದಿನ ಬೆಳಿಗ್ಗೆ ಹತ್ತೂವರೆಗೆ, ಅಡುಗೆಮನೆಯ ಗೇಟಿನಲ್ಲಿ, ಅಮೋಲ್ ವಿದೇಶಿ ಅತಿಥಿಗಳ ಕೈ ಕುಲುಕಿದ. ಆಮೇಲೆ ಏನಾಯಿತೆಂಬುದನ್ನು ಅಲ್ಲಿನ ಕೆಲಸಗಾರರು ಇಂದಿಗೂ ಕಣ್ಣರಳಿಸಿ ಹೇಳುತ್ತಾರೆ. ಮುಂಬಯಿಯಲ್ಲಿ ಹಿಮ ಬಿದ್ದ ಏಕೈಕ ದಿನವಂತೆ. ಅಂಟುಕಾಗದದ ಉರುಳೆ ಒಂದೇ ಸುತ್ತಿಗೆ ಮೊಲದ ಮರಿಯಾಯಿತು. ನಲವತ್ತು ಜನರೆದುರು, ತಾನೇ ದಿನವೂ ಬೇರೆಯವರನ್ನು ವಾಪಸು ಕಳಿಸುತ್ತಿದ್ದ ಅದೇ ಗೇಟಿನಿಂದ, ಅಮೋಲ್ ವಾಪಸ್. ಅತಿಥಿಗಳು ಆ ದಿನ ತಪಾಸಣೆ ಮಾಡದೆಯೇ ಮರಳಿದರು. ಅವನನ್ನು ಟ್ರೇ ತೊಳೆಯುವ ವಿಭಾಗಕ್ಕೆ ಹಾಕಿದರು.

ಇದೆಲ್ಲ ನಿಶ್ಮಿತಾಳಿಗೆ ಗೊತ್ತಾದದ್ದು ಬುಧವಾರ, ಅವನ ಬಾಯಿಂದಲೇ. ಸಂಘದವರಿಂದ ವಿಳಾಸ ಹಿಡಿದು ಅವನು ಸಯನ್‌ಗೆ ಬಂದು ವಿನೋದಿನಿಯ ಎದುರು ನಿಂತಿದ್ದ. ಮೈಮೇಲೆ ಇಸ್ತ್ರಿ ಹಾಕಿದ ಹತ್ತಿ ಅಂಗಿ. ಎಷ್ಟು ಸಲ ಒರೆಸಿಕೊಂಡಿದ್ದನೋ, ಬಟ್ಟೆಯ ಬಣ್ಣವೇ ಅರ್ಧ ಹೋಗಿತ್ತು.

"ಅಮ್ಮಾ, ಆ ಕೂದ್ಲಾ ನಂದು. ಮತಲಬ್, ನಮ್ಮ ಬೆಕ್ಕಿಂದು. ನನ್ನ ಜುಬ್ಬಾದಿಂದ ಬಿದ್ದಿದ್ದು. ತಪ್ಪಾತು ಅನ್ನೂದು ಸಣ್ಣ ಮಾತು, ಗೊತ್ತೈತಿ."

ವಿನೋದಿನಿ ತಲೆಯ ಬಟ್ಟೆಯನ್ನು ಮುಟ್ಟಿಕೊಂಡಳು.

"ಸೋಮವಾರ ನನಗೂ ಅದ ಆತು," ಅವನು ಎಲ್ಲವನ್ನೂ ಹೇಳಿದ. "ಕೋಟಿನಾಗೂ ಹೊಕ್ಕೊಂಡಿತ್ತು ಆ ಬೆಕ್ಕು. ನಾ ಯಾರಿಗೂ ಏನೂ ಅನ್ನಲಿಲ್ಲ. ನಿಮಗ ಮಾಡಿದ್ದು ನನಗ ಬಂತು. ಮಾಡಿದ್ದುಣ್ಣೋ ಮಹಾರಾಯ ಅಂತ ಸುಮ್ನ ಬಂದೆ."

ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದ ನಿಶ್ಮಿತಾಳ ಕಿವಿ ಕೆಂಪಾಯಿತು. ಬೆಕ್ಕಲ್ಲ... ನಾನು... ಹೇಳಬೇಕು. ನಾಲಿಗೆ ಎದ್ದಿತು, ಹಲ್ಲಿಗೆ ತಾಗಿತು, ವಾಪಸು ಮಲಗಿತು.

ವಿನೋದಿನಿ ಕೊನೆಗೆ ಬಾಯಿ ಬಿಟ್ಟಳು. "ನೋಡು ಮಗಾ. ನೀನು ನನ್ನ ಕಿವಿಯಲ್ಲಿ ಹೇಳಿ ಎಂತ ಪ್ರಯೋಜನ? ಮುನ್ನೂರು ಜನರೆದುರು ಕೂಗಿದವ ನೀನು. ಮುನ್ನೂರು ಜನರೆದುರೇ ಹೇಳು. ಅಲ್ಲಿವರೆಗೆ ನನ್ನ ಮನೆಯ ನೀರೂ ನಿನಗಿಲ್ಲ."

"ಈ ಆಯ್ತವಾರ ಸಂಘದಾಗ ಊಟ ಐತಿ," ಅಂದ ಅಮೋಲ್. "ನೀವು ಬರ್ರಿ. ನಾ ಹೇಳ್ತೇನಿ."

ಭಾನುವಾರ ಮಾಟುಂಗದ ಸಭಾಂಗಣದಲ್ಲಿ ಸೂಜಿ ಹಾಕಿದರೂ ಜನರ ತಲೆಯ ಮೇಲೇ ನಿಲ್ಲಬೇಕು, ಅಷ್ಟು ನೂಕುನುಗ್ಗಲು. ಬೇರೆ ಯಾರದೋ ಅಡುಗೆ. ಬಡಿಸಿ ಆಗುವ ಹೊತ್ತಿಗೆ ಅಮೋಲ್ ಶಂಕ್ರೆಪ್ಪನವರ ಕೈಯಿಂದ ಮೈಕ್ ತೆಗೆದುಕೊಂಡ.

"ಎರಡು ವರ್ಷದ ಹಿಂದ ಇಲ್ಲೇ ನಿಂತು ಪಾಯಸದಾಗ ಬೆಕ್ಕಿನ ಕೂದ್ಲಾ ಐತಿ ಅಂತ ಕೂಗಿದವ ನಾ. ಕೂದ್ಲಾ ಇತ್ತು, ಖರೆ. ಆದ್ರ ಅದು ನನ್ನ ಜುಬ್ಬಾದ್ದು. ನಮ್ಮನಿ ಬೆಕ್ಕಿಂದು. ವಿನೋದಿನಿಯಕ್ಕನ ಕೈಯಾಗ ಒಂದು ಎಳಿ ದೋಷ ಇರ್ಲಿಲ್ಲ."

"ಮತ್ತ ಅವತ್ತ ಯಾಕ ಹೇಳಲಿಲ್ಲಪಾ?" ಹಿಂದಿನ ಸಾಲಿನಿಂದ ಯಾರೋ ಕೇಳಿದರು.

"ಶ್ಯಾಣ್ಯಾ ಇದ್ದೆ ಅದಕ್ಕ," ಅಂದ ಅವನು.

ಮೊದಲು ಒಂದು ನಗು ಎದ್ದಿತು, ಆಮೇಲೆ ಇಡೀ ಸಭಾಂಗಣ. ಅವನು ತಲೆ ತಗ್ಗಿಸಲಿಲ್ಲ. ನಗು ಮುಗಿಯುವವರೆಗೆ ನಿಂತುಕೊಂಡ. ಬಳಿಕ ನೇರ ವಿನೋದಿನಿಯ ಎಲೆಯ ಎದುರು ಬಂದು ಕೈ ಮುಗಿದ. ಶಂಕ್ರೆಪ್ಪನವರೂ ಅವನ ಹಿಂದೆ ಬಂದು, "ನಂದೂ ತಪ್ಪೈತಿ ಅಕ್ಕಾರ. ನೋಡದ ಮೈಕ್ ಹಿಡದೆ" ಎಂದರು.

ವಿನೋದಿನಿ ಅವರಿಬ್ಬರನ್ನೂ ನೋಡಲಿಲ್ಲ. ಎಲೆಯ ಮೇಲಿದ್ದ ಸಾಂಬಾರನ್ನು ಬೆರಳಿಗೆ ತಾಗಿಸಿ ನಾಲಿಗೆಗಿಟ್ಟಳು. ಕಣ್ಣು ತುಂಬಿ ಬಂತು. ಸೆರಗಿನಿಂದ ಒರೆಸಿಕೊಂಡು, ಎರಡು ವರ್ಷದಲ್ಲಿ ಮೊದಲ ಸಲ, ಅಕ್ಕಪಕ್ಕದ ಹತ್ತು ಎಲೆಗೆ ಕೇಳುವಂತೆ ಹೇಳಿದಳು:

"ಇದಕ್ಕೆ ಹುಳಿ ಸಾಲದು."

ಎದ್ದು, ಯಾರನ್ನೂ ಕೇಳದೆ, ಅಡುಗೆಮನೆಯೊಳಗೆ ನಡೆದುಬಿಟ್ಟಳು. "ಸೌಟು ಹೀಗಾ ಹಿಡಿಯುವುದು?" ಎಂಬ ದನಿ ಹೊರಗಿನ ಟ್ರಾಫಿಕ್ಕನ್ನೂ ನಿಲ್ಲಿಸುವಷ್ಟು ಗಟ್ಟಿಯಾಗಿ ಕೇಳಿಬಂತು.

ನಿಶ್ಮಿತಾ ಅಳುತ್ತಲೂ ನಗುತ್ತಲೂ ಕೈ ತೊಳೆಯುವ ಕಡೆಗೆ ಓಡಿದಳು. ಅಲ್ಲಿ ಅಮೋಲ್ ಮುಖಕ್ಕೆ ನೀರು ಹಾಕಿಕೊಳ್ಳುತ್ತಿದ್ದ.

ಗೆದ್ದಿದ್ದಳು. ಅಮ್ಮನ ಹೆಸರು ತಿರುಗಿ ಬಂದಿತ್ತು. ಅವನಿಗೆ ಶಿಕ್ಷೆಯೂ ಆಗಿತ್ತು. ಬಾಯಿ ಮುಚ್ಚಿಕೊಂಡರೆ ಎಲ್ಲವೂ ಸುಖಾಂತ. ಆದರೆ ಮುನ್ನೂರು ಜನರೆದುರು ಸತ್ಯ ಹೇಳಿ ನಿಂತವನ ಮುಂದೆ, ಅವಳ ಸುಳ್ಳು ಗಂಟಲಲ್ಲಿ ಕೂದಲಿನ ಉಂಡೆಯಾಗಿ ಸಿಕ್ಕಿಕೊಂಡಿತ್ತು.

"ಅಮೋಲ್... ನಿಮ್ಮ ಕೋಟಿಗೆ ಬಾದಶಾ ಹೊಕ್ಕದ್ದಲ್ಲ. ನಾನು ಹಾಕಿದ್ದು."

ನಲ್ಲಿ ಸುರಿಯುತ್ತಲೇ ಇತ್ತು.

"ಎಷ್ಟು?" ಕೇಳಿದ.

"ಎರಡು ಹಿಡಿ. ತೋಳಿನ ಒಳಗೆ. ನಿಮ್ಮ ಜುಬ್ಬಾದ ವಿಷಯ ಗೊತ್ತಾಗುವ ಮೊದಲೇ ಹಾಕಿದ್ದೆ. ಗೊತ್ತಾದ ಮೇಲೆ ತೆಗೀಬಹುದಿತ್ತು... ತೆಗೀಲಿಲ್ಲ."

ಅವನು ನಲ್ಲಿ ನಿಲ್ಲಿಸಿದ. ಅವಳ ಮುಖವನ್ನೇ ನೋಡಿದ. ಆ ನೋಟಕ್ಕಿಂತ ಕಪಾಳಕ್ಕೊಂದು ಬಿದ್ದಿದ್ದರೆ ಹಿತವಾಗಿರುತ್ತಿತ್ತು.

"ನಂದು ತಿಳೀದ ಆಗಿದ್ದು," ಅಂದ. "ನಿಂದು ತಿಳದು ಮಾಡಿದ್ದು."

ಹೊರಟುಹೋದ.

ಆ ಒಂದು ವಾಕ್ಯದ ಭಾರಕ್ಕೆ ಅವಳು ಮನೆ ತಲುಪುವಷ್ಟರಲ್ಲಿ ನಾಲ್ಕು ಅಂಗುಲ ಕುಳ್ಳಾಗಿದ್ದಳು. ಅಮ್ಮ ತಲೆಯ ಬಟ್ಟೆ ಬಿಚ್ಚಿ ಬೀಸಾಡಿ, ಟಾರ್ಚ್ ಮರೆತು ಸಾರು ಕುದಿಸುತ್ತ, "ಮೂರು ಕಡೆಯಿಂದ ಫೋನ್ ಬಂತು ನಿಶ್ಮಿ" ಎನ್ನುತ್ತಿದ್ದಳು. ಮಗಳಿಗೆ ತುತ್ತು ಇಳಿಯಲಿಲ್ಲ. ಅಮ್ಮನ ಮಾನವನ್ನು ಅವನು ತಿರುಗಿ ಕೊಟ್ಟ. ಅವನದನ್ನು ಯಾರು ಕೊಡಬೇಕು?

ಸೋಮವಾರ ಬೆಳಿಗ್ಗೆ ಅವಳು ಆ ಅಡುಗೆಮನೆಯ ಗೇಟಿಗೆ ಹೋಗಿ, ಅಮೋಲ್‌ನ ಮೇಲಧಿಕಾರಿಯನ್ನು ಕಾಣಬೇಕೆಂದು ಕೂತಳು. ತಲೆಯ ಮೇಲೆ ವಿಮಾನಗಳು ಹೋದವು. ಎಷ್ಟು ಹೋದವೆಂದರೆ ಲೋಕದ ವಿಮಾನಗಳೆಲ್ಲ ಒಂದು ಸುತ್ತು ಮುಗಿಸಿದವು. ಮಧ್ಯಾಹ್ನ ಒಳಗೆ ಕರೆದರು. ಅರ್ಧ ಹಿಂದಿ, ಅರ್ಧ ಮರಾಠಿಯಲ್ಲಿ ಎಲ್ಲವನ್ನೂ ಒಪ್ಪಿಕೊಂಡಳು. ತನ್ನ ಹೆಸರು, ನಂಬರು, ವಿಳಾಸ ಬರೆದು ಕೊಟ್ಟಳು. "ಬೇಕಿದ್ದರೆ ಪೊಲೀಸರಿಗೆ ಕೊಡಿ, ಅವರನ್ನು ಮಾತ್ರ ಹಿಂದಿನ ಜಾಗಕ್ಕೆ ತನ್ನಿ" ಎಂದು ಎದ್ದು ಬಂದಳು.

ಗೇಟು ದಾಟಿ ಹತ್ತು ಹೆಜ್ಜೆ ಇಟ್ಟಿರಲಿಲ್ಲ, ಹಿಂದಿನಿಂದ ಯಾರೋ ಓಡಿ ಬಂದ ಸದ್ದು. ಮೊಣಕೈವರೆಗೆ ಸೋಪಿನ ನೊರೆ. ಟ್ರೇ ತೊಳೆಯುತ್ತಿದ್ದವನು ಹಾಗೆಯೇ ಬಂದಿದ್ದ.

"ಯಾರು ಹೇಳಿದ್ರು ನಿನಗ ಇಲ್ಲಿ ಬರಾಕ?"

"ಯಾರೂ ಇಲ್ಲ."

"ಸಾಹೇಬರು ಏನಂದ್ರು ಗೊತ್ತೇನು? ಇಷ್ಟು ಚಂದ ಕೂದ್ಲಾ ಅಡಗಿಸೋ ಹುಡಿಗಿನ್ನ ಮೊದ್ಲ ಕೆಲಸಕ್ಕ ತಗೋರಿ ಅಂದ್ರು. ನನಗ ಇನ್ನೂ ಎರಡು ತಿಂಗಳು ಟ್ರೇ ತೊಳಿಯೂದ ಗತಿ. ಮುಂದಿನ ತಪಾಸಣೆಗೆ ಮತ್ತ ಅವಕಾಶ ಕೊಡ್ತಾರಂತ."

ಅವಳು ಉಸಿರು ಬಿಟ್ಟಳು. ಅಷ್ಟಾದರೂ ಬಂತು.

"ಹಾಗಾದ್ರೆ ನಾನು ಬರ್ತೇನೆ," ಅಂದಳು. "ಇನ್ನು ನಿಮ್ಮ ಮನೆಗೆ ಬೇರೆ ಯಾರನ್ನಾದ್ರೂ ಕರೀರಿ. ಜಮಖಾನೆಯನ್ನು ಅಡ್ಡ ಎಳೀಬೇಡಿ ಅಂತ ಹೇಳಿ ಅವರಿಗೆ."

"ಅಜ್ಜಿ ನಿನ್ನೆಯಿಂದ ಉಂಡಿಲ್ಲ. ಆ ಹುಡುಗಿ ಎಲ್ಲಿ, ಏನಂದಿ ಆಕೀಗೆ ಅಂತ ನನ್ನ ಜೀವ ತಿನ್ನಾಕತ್ತಾಳ."

"ಮತ್ತೆ ನೀವು?"

"ನಾ ಉಂಡೀನಿ. ಆದ್ರ ರುಚಿ ಹತ್ತಿಲ್ಲ..." ಅವನು ನೊರೆಯ ಕೈಯನ್ನು ಹಿಂದಕ್ಕೆ ಕಟ್ಟಿಕೊಂಡ. "ಏಳು ವಾರ ಚಾ ಮಾಡಿ ಕೊಟ್ಟೀನಿ ನಿಶ್ಮಿತಾ. ಅದನ್ನ ಕುಡದು ಉಳದಾಕಿ ನೀ ಒಬ್ಬಾಕೀನ. ನಿನ್ನ ಬಿಟ್ರ ನನಗ ಯಾರದಾರ?"

ಅವಳಿಗೆ ನಗು ಬಂತು. ಅದರ ಬೆನ್ನಿಗೇ ಅಳು. ಎರಡನ್ನೂ ಒಂದೇ ಸಲ ನುಂಗಿದಳು.

"ನನಗೂ ಅಷ್ಟೇ," ಅಂದಳು ಮೆಲ್ಲಗೆ. "ಸೇಡಿಗೆ ಅಂತ ಬರ್ತಿದ್ದೆ. ನಾಲ್ಕನೇ ವಾರದಿಂದ ಬೇಗ ಬೇಗ ಬರ್ತಿದ್ದೆ. ಯಾಕೆ ಅಂತ ಕೇಳಬೇಡಿ."

"ಕೇಳಂಗಿಲ್ಲ."

"ಸಿಟ್ಟು ಹೋಯ್ತಾ ಹಾಗಾದ್ರೆ?"

"ಎಲ್ಲಿ ಹೋಗ್ತೈತಿ? ಭಾಳ ಐತಿ. ನಾನೂ ಸೇಡು ತೀರಿಸ್ಕೋಬೇಕು."

"ತೀರಿಸ್ಕೊಳ್ಳಿ. ಎಷ್ಟು ದಿನ?"

"ಬಾದಶಾನ ಮೈಮ್ಯಾಲೆ ಎಷ್ಟು ಕೂದ್ಲಾ ಅದಾವು?"

"ಅದು ಎಣಿಸ್ಲಿಕ್ಕೆ ಆಗುವಂಥದ್ದಾ ಮಾರಾಯ್ರೆ?"

"ಅಷ್ಟು ದಿನ," ಅಂದ ಅಮೋಲ್.

ನಿಶ್ಮಿತಾ ಅವನ ಅಂಗಿಯ ಹೆಗಲಿನತ್ತ ಕೈ ಚಾಚಿ, ಅಲ್ಲಿ ಅಂಟಿದ್ದ ಒಂದು ಬಿಳಿ ಎಳೆಯನ್ನು ಎರಡು ಬೆರಳಲ್ಲಿ ಹಿಡಿದು ತೆಗೆದು ಗಾಳಿಗೆ ಬಿಟ್ಟಳು.

"ಒಂದು ದಿನ ಕಡಿಮೆ ಆಯ್ತು," ಅಂದಳು.

"ಆಗವಲ್ದು. ಮನ್ಯಾಗ ಅವ ಇನ್ನೊಂದು ಬೆಳಸಾಕತ್ತಾನ."